ನೀಲಿ ಮೇಳದ ಅಭಿಮಾನಿ

ಅಭಿಮಾನವೆಂಬುದು ವಿಚಿತ್ರವಾದೊಂದು ಬಂಧ. ಮದುವೆಗೆ ಸಾಕ್ಷಿಗಳುಂಟು, ಸಾಲಕ್ಕೆ ಪತ್ರವುಂಟು, ನೌಕರಿಗೆ ಆಜ್ಞೆಯುಂಟು. ತಂಡವೊಂದರ ಮೇಲಿನ ಅಭಿಮಾನಕ್ಕೆ ಇವು ಯಾವುವೂ ಇಲ್ಲ. ಆ ತಂಡಕ್ಕೆ ನಮ್ಮ ಹೆಸರು ತಿಳಿಯದು. ಅದು ಗೆದ್ದರೆ ನಮಗೆ ಪಾಲಿಲ್ಲ, ಸೋತರೆ ನಮ್ಮ ಗಂಟೇನೂ ಹೋಗುವುದಿಲ್ಲ. ಆದರೂ ಅದು ಸೋತ ರಾತ್ರಿ ಊಟ ರುಚಿಸದು. ಗೆದ್ದ ಮರುದಿನ ಶಾಲೆಯ ಹುಡುಗರು ಗದ್ದಲ ಮಾಡಿದರೂ ಗದರಿಸುವ ಮನಸ್ಸಾಗದು. ನಾನು ೨೦೧೩ರಿಂದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ವಾಸ ಭಟ್ಕಳದಲ್ಲಿ, ವೃತ್ತಿ ಕನ್ನಡ ಪಾಠ ಹೇಳುವುದು. “ನಿಮಗೇಕೆ ಮಾಸ್ತರೇ, ಈ ಚೆಂಡಿನ ಹುಚ್ಚು?” ಎಂದು ಕೇಳುವವರಿಗೆ ಒಂದೆರಡು ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಾಗಿಲ್ಲ. ಆದುದರಿಂದ ಇಷ್ಟು ದೀರ್ಘವಾಗಿ ಬರೆಯಬೇಕಾಯಿತು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಭಟ್ಕಳದಿಂದ ಮಡಗಾವಿಗೆ ಕೊಂಕಣ ರೈಲಿನಲ್ಲಿ ಸುಮಾರು ೨೦೦ ಕಿಲೋಮೀಟರು. ಬೆಂಗಳೂರು ಅದರ ಎರಡರಷ್ಟಕ್ಕೂ ದೂರ; ನಡುವೆ ಘಟ್ಟ ಬೇರೆ. ಗೋವಾ ತಂಡವು ಆಡುವ ಫಾತೋರ್ಡಾ ಕ್ರೀಡಾಂಗಣವಿರುವುದು ಮಡಗಾವಿನಲ್ಲಿಯೇ. ಬೆಳಿಗ್ಗೆ ಗಾಡಿ ಹತ್ತಿದವನು ಸಂಜೆಯ ಆಟ ನೋಡಿ ಮರುದಿನ ಪಾಠಕ್ಕೆ ಹಾಜರಾಗಬಹುದು. ತೆಂಕಣಕ್ಕೆ ಹೋದರೆ ಕೇರಳದ ಹಳದಿ ತಂಡ. ಅದರ ಅಭಿಮಾನಿಗಳ ಉತ್ಸಾಹವನ್ನು ಬಲ್ಲವರೇ ಬಲ್ಲರು. “ಮೀನು, ಮಳೆ, ತೆಂಗು, ಮಾತು ಎಲ್ಲದರಲ್ಲಿಯೂ ನೆರೆಯವರಂತಿರುವ ನಾವು ಘಟ್ಟದ ಮೇಲಿನ ತಂಡಕ್ಕೆ ಏಕೆ ಒಲಿಯಬೇಕು?” ಎಂದು ಗೋವೆಯ ಪಕ್ಷ ಹಿಡಿದ ನನ್ನ ಮಿತ್ರರೊಬ್ಬರು ಕೇಳುತ್ತಾರೆ. ಪ್ರಶ್ನೆಯಲ್ಲಿ ನ್ಯಾಯವಿದೆ, ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ, ಹೊನ್ನಾವರದವರೆಗೆ ಹೋದರೆ ಸಾಕು.

ಕರಾವಳಿಯ ನಮಗೆ ಮೇಳದ ಅಭಿಮಾನವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮಳೆಗಾಲಕ್ಕೆ ಮುಂಚೆ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳಗಳ ನಡುವೆ ನಾವು ಬೆಳೆದವರು. ಯಾವ ವೇಷಧಾರಿ ಈ ವರ್ಷ ಯಾವ ಮೇಳ ಬಿಟ್ಟ, ಯಾವುದನ್ನು ಸೇರಿದ, ಅವನಿಗೆ ಸಂಬಳವೆಷ್ಟು, ಭಾಗವತರಿಗೂ ಅವನಿಗೂ ಹೊಂದಿಕೆಯಾದೀತೆ ಎಂಬ ಚರ್ಚೆ ಮಳೆಗಾಲದ ಜಗಲಿಗಳಲ್ಲಿ ನಡೆದಷ್ಟು ತೀವ್ರವಾಗಿ ಯುರೋಪಿನ ಯಾವ ಫುಟ್‌ಬಾಲ್ ಪೇಟೆಯಲ್ಲಿಯೂ ನಡೆದಿರಲಾರದು.

ಈ ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದು, ಕಲಾವಿದನ ಹಿಂದೆ ಹೋಗುವ ಪಂಗಡ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹಲವು ಮೇಳಗಳಲ್ಲಿ ತಿರುಗಾಟ ಮಾಡಿದರು. ಅವರು ಹೋದಲ್ಲೆಲ್ಲ ಅವರ ಪ್ರೇಕ್ಷಕರೂ ಹೋದರು. ಮೇಳದ ಹೆಸರು ಅವರಿಗೆ ನೆಪ ಮಾತ್ರ. ಇನ್ನೊಂದು, ಮೇಳವನ್ನೇ ನೆಚ್ಚುವ ಪಂಗಡ. ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಮಗನ ಕಾಲವನ್ನು ಕಂಡಿತು, ಮೊಮ್ಮಗನ ಕಾಲವನ್ನೂ ಕಂಡಿತು. ವೇಷಗಳು ಬದಲಾದುವು; ಮೇಳದ ಒಂದು ರೀತಿ, ಒಂದು ಶಿಸ್ತು ಉಳಿದು ಬಂದಿತು. ಬೆಂಗಳೂರಿನ ನೀಲಿ ತಂಡದ ವಿಷಯದಲ್ಲಿ ನನ್ನ ಚಿಂತೆಯೆಲ್ಲ ಇದೇ: ಇದು ಚಿಟ್ಟಾಣಿಯವರ ಪ್ರೇಕ್ಷಕರಂತಹ ಅಭಿಮಾನವೋ, ಕೆರೆಮನೆಯ ಪ್ರೇಕ್ಷಕರಂತಹ ಅಭಿಮಾನವೋ?

ಈ ಕ್ಲಬ್ಬು ನಿನ್ನೆ ಮೊನ್ನೆ ಹುಟ್ಟಿದ್ದು, ಒಂದು ಉಕ್ಕಿನ ಸಂಸ್ಥೆಯ ಹಣದಿಂದ ನಿಂತದ್ದು, ಇದಕ್ಕೆ ಬೇರೆಲ್ಲಿಯದು ಎಂದು ಹೇಳುವವರುಂಟು. ಮಾತು ಅರ್ಧ ಸತ್ಯ. ಕ್ಲಬ್ಬು ಹುಟ್ಟಿದ್ದು ೨೦೧೩ರಲ್ಲಿ. ನೆಲ ಹದವಾದದ್ದು ಬಹಳ ಹಿಂದೆ. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅದೇ ಗೆದ್ದಿತು. ಬರಿಗಾಲಿನವರೇ ಹೆಚ್ಚಾಗಿದ್ದ ಭಾರತ ತಂಡವು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ೧–೨ರಿಂದ ಸೋತಾಗ, ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ೧೯೫೬ರಲ್ಲಿ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಮೈಸೂರಿನ ಕೆಂಪಯ್ಯನವರಿದ್ದರು.

ಆದರೆ ಇವರಲ್ಲಿ ಎಷ್ಟು ಮಂದಿ ತಮ್ಮ ಊರಿನಲ್ಲಿಯೇ ಆಡಿ ಹೆಸರು ಮಾಡಿದರು? ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್ ಕೋಲ್ಕತ್ತೆಯ ಈಸ್ಟ್ ಬೆಂಗಾಲಿನ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಆ ಐವರನ್ನು ಅಲ್ಲಿನ ಜನ ಪಂಚಪಾಂಡವರೆಂದೇ ಕರೆದರು. ಕೆಂಪಯ್ಯನವರೂ ಮೋಹನ್ ಬಾಗಾನಿಗೆ ಹೋದರು. ಒಳ್ಳೆಯ ವೇಷಧಾರಿಗಳು ನಮ್ಮವರು, ಮೇಳ ಮಾತ್ರ ಬಂಗಾಳದವರದು! ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ನಿಜ. ಆದರೆ ವರ್ಷಕ್ಕೊಮ್ಮೆ ಕೂಡಿ ಚೆದರುವ ರಾಜ್ಯತಂಡವು ಅಭಿಮಾನಿಗೆ ಹಬ್ಬದೂಟವೇ ಹೊರತು ದಿನದ ಅನ್ನವಲ್ಲ. ಆ ಅನ್ನವನ್ನು ಬಡಿಸಿದ್ದು ೨೦೧೩ರಲ್ಲಿ ಹುಟ್ಟಿದ ಈ ಕ್ಲಬ್ಬು. ನಮ್ಮ ಪ್ರಾಂತದಿಂದ ಕೋಲ್ಕತ್ತೆಗೆ ಹರಿಯುತ್ತಿದ್ದ ನೀರು ಆಗ ಮೊದಲ ಬಾರಿಗೆ ಹಿಂದಕ್ಕೆ ತಿರುಗಿತು.

ತಿರುಗಿದ ರಭಸವನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಆಶ್ಲಿ ವೆಸ್ಟ್‌ವುಡ್ ಎಂಬ ಆಂಗ್ಲ ತರಬೇತುದಾರನ ಕೈಕೆಳಗೆ ಮೊದಲ ವರ್ಷವೇ, ೨೦೧೪ರ ಏಪ್ರಿಲಿನಲ್ಲಿ, ಐ-ಲೀಗ್ ಪ್ರಶಸ್ತಿ ಬಂದಿತು. ೨೦೧೫ರ ಜನವರಿಯಲ್ಲಿ ಫೆಡರೇಷನ್ ಕಪ್ಪು, ೨೦೧೬ರಲ್ಲಿ ಮತ್ತೆ ಲೀಗು. ಅದೇ ವರ್ಷದ ಅಕ್ಟೋಬರಿನಲ್ಲಿ, ಹಿಂದಿನ ಸಲದ ವಿಜೇತರಾಗಿದ್ದ ಮಲೇಷಿಯದ ಜೊಹೋರ್ ತಂಡವನ್ನು ಕಂಠೀರವದಲ್ಲಿ ೩–೧ರಿಂದ ಸೋಲಿಸಿ, ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ಆ ಅಂತಿಮ ಪಂದ್ಯ ನಡೆದುದು ದೋಹಾದಲ್ಲಿ. ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತೆವು. ಭಟ್ಕಳದ ಎಷ್ಟೋ ಮನೆಗಳಿಗೆ ದೋಹಾ, ರಿಯಾಧ್ ಎಂಬವು ಬರಿಯ ಭೂಪಟದ ಹೆಸರುಗಳಲ್ಲ. ಮಗನೋ ಅಳಿಯನೋ ದುಡಿಯುವ ಊರುಗಳು. ೨೦೨೩ರ ಮಾರ್ಚಿನಲ್ಲಿ ಕರ್ನಾಟಕ ತಂಡವು ೫೪ ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಗೆದ್ದುದೂ ರಿಯಾಧಿನಲ್ಲಿಯೇ. ಬೆಂಗಳೂರು ನಮಗೆ ದೂರವೆನ್ನುವವರು ನಮ್ಮೂರಿಗೆ ಯಾವುದು ದೂರ, ಯಾವುದು ಹತ್ತಿರವೆಂಬುದನ್ನು ಬೇರೆ ಅಳತೆಗೋಲಿನಿಂದ ಅಳೆಯಬೇಕು.

ಫಾತೋರ್ಡಾದ ಮಾತೂ ಹೀಗೆಯೇ. ೨೦೧೪ರ ಮೊದಲ ಲೀಗ್ ಪ್ರಶಸ್ತಿ ಖಚಿತವಾದುದು ಅಲ್ಲಿ, ಡೆಂಪೋ ತಂಡವನ್ನು ೪–೨ರಿಂದ ಸೋಲಿಸಿದ ದಿನ. ಮರುವರ್ಷದ ಫೆಡರೇಷನ್ ಕಪ್ಪು ಸಿಕ್ಕಿದುದೂ ಅಲ್ಲಿಯೇ. ೨೦೨೩ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ೨–೨ರಲ್ಲಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಮೋಹನ್ ಬಾಗಾನಿಗೆ ಸೋತುದೂ ಅಲ್ಲಿಯೇ. ೨೦೨೫ರ ಏಪ್ರಿಲಿನಲ್ಲಿ ಸೆಮಿಫೈನಲಿನ ಎರಡನೆಯ ಪಂದ್ಯದಲ್ಲಿ ಗೋವಾ ಎರಡು ಗೋಲು ಹೊಡೆದು ಲೆಕ್ಕವನ್ನು ಸರಿಮಾಡಿದಾಗ, ಹೆಚ್ಚುವರಿ ನಿಮಿಷಗಳಲ್ಲಿ ಸುನಿಲ್ ಛೇತ್ರಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದುದೂ ಅಲ್ಲಿಯೇ. ನನ್ನ ತಂಡದ ಹಣೆಬರಹದ ಅರ್ಧವನ್ನು ವಿಧಿ ಮಡಗಾವಿನಲ್ಲಿ ಕುಳಿತು ಬರೆದಂತಿದೆ. ಗೋವೆಯ ಪಕ್ಷದ ಮಿತ್ರರಿಗೆ ನಾನು ಕೊಡುವ ಉತ್ತರ ಇಷ್ಟೇ: ನಿಮ್ಮ ಅಂಗಳ ನನಗೆ ಹತ್ತಿರ, ನನ್ನ ಮೇಳ ಆಗಾಗ ಅಲ್ಲಿಗೆ ಆಟಕ್ಕೆ ಬರುತ್ತದೆ.

ಗೆಲುವಿನ ಪಟ್ಟಿಯಿಂದ ತಂಡದ ಬೆಲೆಯನ್ನು ಕಟ್ಟುವುದು ಸುಲಭ. ನನಗೆ ಅದರಲ್ಲಿ ನಂಬಿಕೆಯಿಲ್ಲ. ೨೦೧೮ರಲ್ಲಿ ಲೀಗಿನ ಅಗ್ರಸ್ಥಾನವನ್ನು ಪಡೆದು, ಸ್ವಂತ ಊರಿನಲ್ಲಿಯೇ ಚೆನ್ನೈ ತಂಡಕ್ಕೆ ೨–೩ರಿಂದ ಸೋತ ಮೇಲೆ, ಮರುವರ್ಷ ಮುಂಬಯಿಯಲ್ಲಿ ಗೋವಾದೆದುರು ೧೧೭ನೆಯ ನಿಮಿಷದವರೆಗೆ ಕಾದು, ರಾಹುಲ್ ಭೇಕೆಯ ತಲೆಹೊಡೆತದಿಂದ ಗೆದ್ದುದನ್ನು ನಾನು ಹೆಚ್ಚೆಂದು ಬಗೆಯುತ್ತೇನೆ. ಮೊದಲನೆಯ ಸೋಲು ಇಲ್ಲದಿದ್ದರೆ ಎರಡನೆಯ ಗೆಲುವಿಗೆ ಆ ರುಚಿ ಬರುತ್ತಿರಲಿಲ್ಲ. ೨೦೨೨–೨೩ರಲ್ಲಿ ಲೀಗಿನ ತಳದ ಕಡೆ ಜಾರಿದ್ದ ತಂಡವು ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಮೇಲೆದ್ದುದೂ ಅಂಥದೇ.

ಆ ಋತುವಿನ ಒಂದು ಗೋಲಿನ ಮೇಲೆ ಇನ್ನೂ ಜಗಳವಿದೆ. ಕೇರಳದೆದುರಿನ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಛೇತ್ರಿ ಫ್ರೀಕಿಕ್ಕನ್ನು ಬಲೆಗೆ ಒದೆದರು. ಕೇರಳದವರು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆದರು. ನಿಯಮವು ಅನುಮತಿಸಿದ ಗೋಲು ಅದೆಂಬುದು ನನ್ನ ಅಭಿಪ್ರಾಯ. ಎದುರು ವೇಷ ಸಿದ್ಧವಾಗಿರಲಿಲ್ಲವೆಂದು ಭಾಗವತರು ಪದ ನಿಲ್ಲಿಸುವುದಿಲ್ಲ. ಹಾಗೆಂದು ಮುನಿದು, ಪ್ರಸಂಗ ಮುಗಿಯುವ ಮುನ್ನವೇ ಚೌಕಿಗೆ ಹೋದರೆ ಪ್ರೇಕ್ಷಕನಿಗೇ ಮೋಸ. ಆದರೂ ಅಂದು ಗೆದ್ದ ಸಂತೋಷ ಪೂರ್ಣವಾಗಿರಲಿಲ್ಲವೆಂಬುದನ್ನು ಮರೆಮಾಚಲಾರೆ. ಆಡಿ ಗೆಲ್ಲುವುದಕ್ಕೂ ಎದುರಾಳಿಯಿಲ್ಲದ ಅಂಗಳದಲ್ಲಿ ಗೆಲ್ಲುವುದಕ್ಕೂ ವ್ಯತ್ಯಾಸವುಂಟು.

ಇನ್ನು ಛೇತ್ರಿಯವರ ಮಾತು. ಕ್ಲಬ್ಬಿನ ಮೊದಲ ವರ್ಷದಿಂದ ಇದ್ದವರು ಅವರು. ೨೦೨೪ರ ಜೂನಿನಲ್ಲಿ ದೇಶದ ಅಂಗಿಯನ್ನು ಕಳಚಿ, ೨೦೨೫ರ ಮಾರ್ಚಿನಲ್ಲಿ ಮತ್ತೆ ತೊಟ್ಟರು. ಆ ನಡುವಿನ ಲೀಗಿನಲ್ಲಿ, ೪೦ರ ವಯಸ್ಸಿನಲ್ಲಿ, ೧೪ ಗೋಲು ಹೊಡೆದರು. ಅವರನ್ನು ಮೆಚ್ಚದಿರುವುದು ಅಸಾಧ್ಯ. ಆದರೆ ನನ್ನ ಭಯವೂ ಅಲ್ಲಿಯೇ ಹುಟ್ಟುವುದು. ನಾಲ್ವತ್ತರ ಮುದುಕನೇ ಮುಖ್ಯವೇಷವನ್ನು ಹೊರಬೇಕಾದ ಮೇಳದಲ್ಲಿ ಎಳೆಯರ ಪಾಡೇನು? ಉಳಿದವರು ಬರುತ್ತಾರೆ, ಹೋಗುತ್ತಾರೆ. ಒಂಬತ್ತು ವರ್ಷ ಬಲಬದಿಯಲ್ಲಿ ಓಡಿದ ಉದಾಂತ ಸಿಂಗ್ ೨೦೨೩ರಲ್ಲಿ ಗೋವಾ ಸೇರಿದರು. ೨೦೧೯ರ ಗೆಲುವಿನ ಭೇಕೆ ಮುಂಬಯಿಗೆ ಹೋಗಿ ೨೦೨೪ರಲ್ಲಿ ಮರಳಿ ಬಂದರು. ಇದು ವೃತ್ತಿ, ತಪ್ಪೆನ್ನಲಾಗದು. ಹೊಟ್ಟೆಪಾಡಿಗಾಗಿ ಮೇಳ ಬದಲಿಸಿದ ವೇಷಧಾರಿಯನ್ನು ನಮ್ಮ ಹಿರಿಯರು ಬೈಯಲಿಲ್ಲ. ಆದರೆ ಎಲ್ಲರೂ ಬದಲಾದ ಮೇಲೆ ಉಳಿಯುವುದು ಏನು? ಬಣ್ಣವೊಂದೇ ಆದರೆ ಅದು ಅಂಗಡಿಯಲ್ಲಿ ಸಿಗುವ ವಸ್ತು.

ಉಳಿಯಬೇಕಾದುದು ಕಲಿಸುವ ಪದ್ಧತಿ. ಕೆರೆಮನೆಯವರು ಮೇಳದ ಜೊತೆಗೆ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನೂ ಕಟ್ಟಿದರು. ಹಳೆಯ ವೇಷ ಇಳಿದಾಗ ಹೊಸ ವೇಷ ಸಿದ್ಧವಿರಬೇಕೆಂಬ ವಿವೇಕ ಅದು. ಬೆಂಗಳೂರು ಕ್ಲಬ್ಬಿಗೂ ಬಳ್ಳಾರಿ ಜಿಲ್ಲೆಯಲ್ಲಿ ಎಳೆಯರ ವಸತಿ ಅಕಾಡೆಮಿ ಏರ್ಪಟ್ಟಿತು. ೨೦೨೪ರ ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಎಳೆಯರ ಬಳಗದಲ್ಲಿ ಬೆಳೆದ ವಿನೀತ್ ವೆಂಕಟೇಶ್ ಈಸ್ಟ್ ಬೆಂಗಾಲಿನೆದುರು ಪಂದ್ಯದ ಏಕೈಕ ಗೋಲನ್ನು ಹೊಡೆದಾಗ, ದೊಡ್ಡ ಕಪ್ಪು ಬಂದಾಗ ಆಗದಷ್ಟು ಸಂತೋಷ ನನಗಾಯಿತು. ಅಹಮದ್ ಖಾನರ ಊರಿನ ತಂಡ ತಾನೇ ಬೆಳೆಸಿದ ಹುಡುಗ, ಅದೇ ಈಸ್ಟ್ ಬೆಂಗಾಲಿನೆದುರು! ಇಂತಹ ಕೇಂದ್ರಗಳು ಕರಾವಳಿಗೂ ಬರಲಿ. ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲುಗಳಿಗೆ ಜನ ಸೇರುವ ನಮ್ಮ ಊರುಗಳಲ್ಲಿ ಸಮುದ್ರದಂಡೆಯ ಮರಳಿನ ಮೇಲೆ ಓಡಿ ಗಟ್ಟಿಯಾದ ಕಾಲುಗಳಿಗೇನೂ ಕೊರತೆಯಿಲ್ಲ.

ಇನ್ನೊಂದು ದೂರು ಕಂಠೀರವದ್ದು. ಅಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಪಥವಿದೆ. ಅದು ಓಟಗಾರರ ಹಕ್ಕು. ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಬಯಲಾಟದಲ್ಲಿ ರಂಗಸ್ಥಳದ ಪಕ್ಕದಲ್ಲಿಯೇ ಕುಳಿತು, ಕಾಲಿನ ಧೂಳು ಮೈಮೇಲೆ ಬೀಳುವಂತೆ ಆಟ ನೋಡಿದವರಿಗೆ ಆ ದೂರ ಸಹನೆಯಾಗದು. ಹನ್ನೆರಡು ವರ್ಷ ದಾಟಿದ ತಂಡಕ್ಕೆ ಫುಟ್‌ಬಾಲಿಗಾಗಿಯೇ ಮೀಸಲಾದ ಒಂದು ಮನೆ ಬೇಕು.

ಇವೆಲ್ಲವೂ ಮೇಳ ಇದ್ದರೆ ತಾನೇ? ೨೦೨೫ರ ಏಪ್ರಿಲಿನಲ್ಲಿ ಕೋಲ್ಕತ್ತೆಯಲ್ಲಿ ಅಂತಿಮ ಪಂದ್ಯವನ್ನು ೧–೨ರಿಂದ ಸೋತ ದುಃಖ ಆರುವ ಮೊದಲೇ, ಜುಲೈಯಲ್ಲಿ ಲೀಗನ್ನೇ ತಡೆಹಿಡಿದ ಸುದ್ದಿ ಬಂದಿತು. ಫೆಡರೇಷನ್ನಿಗೂ ಲೀಗನ್ನು ನಡೆಸುವವರಿಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತಿತ್ತು, ಹೊಸ ಒಪ್ಪಂದವಾಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸಂಬಳದ ಮೇಲೆ ನಿಂತ ವೃತ್ತಿತಂಡದ ಬದುಕು ಎಷ್ಟು ತೆಳುವಾದ ದಾರದಲ್ಲಿ ತೂಗುತ್ತದೆಂಬುದು ಆ ದಿನ ಅಭಿಮಾನಿಗಳೆಲ್ಲರಿಗೂ ತಿಳಿಯಿತು. ಡೇರೆ ಮೇಳಗಳ ಕಷ್ಟವನ್ನು ಕಂಡ ನಮಗೆ ಅದು ಹೊಸತೇನಲ್ಲ. ಸಾಲು ಸಾಲಾಗಿ ಆಡಿದ ಮೇಳಗಳು ಒಂದು ವರ್ಷ ತಿರುಗಾಟಕ್ಕೆ ಹೊರಡಲೇ ಇಲ್ಲವೆಂಬ ಮಾತನ್ನು ನಾವು ಕೇಳಿಯೇ ಬೆಳೆದವರು. ಯಜಮಾನನ ಹಣದಿಂದ ಮೇಳ ಹೊರಡುತ್ತದೆ, ನಿಜ. ಊರವರು ಅದನ್ನು ತಮ್ಮದೆಂದುಕೊಂಡಾಗ ಮಾತ್ರ ಅದು ಬಾಳುತ್ತದೆ.

ಸಹೃದಯರಾದ ವಾಚಕರಲ್ಲಿ ನನ್ನ ಅರಿಕೆ ಇಷ್ಟು. ಗೆದ್ದ ತಂಡವನ್ನು ಕೊಂಡಾಡಲು ಊರೆಲ್ಲ ಬರುತ್ತದೆ. ಸಂಬಳ ನಿಂತಾಗಲೂ, ಮುಖ್ಯವೇಷ ಇಳಿದಾಗಲೂ, “ಈ ಸಲ ತಿರುಗಾಟ ಯಾವಾಗ?” ಎಂದು ಬಿಡದೆ ವಿಚಾರಿಸುವವನೇ ಅಭಿಮಾನಿ. ಅವನು ವೆಸ್ಟ್ ಬ್ಲಾಕಿನಲ್ಲಿ ನಗಾರಿ ಬಾರಿಸುವವನಾದರೂ ಸರಿ, ಘಟ್ಟದ ಕೆಳಗೆ ದೂರದರ್ಶನದ ಮುಂದೆ ಒಬ್ಬನೇ ಕುಳಿತವನಾದರೂ ಸರಿ.