ಹರಿಯುವ ರಕ್ತವನ್ನು ಕಾಣಿಸುವ ಧ್ವನಿ

ಮಾನವನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಒಂದೊಂದು ಮಿಡಿತಕ್ಕೂ ಸುಮಾರು 70 ಮಿಲಿಲೀಟರಿನಷ್ಟು ರಕ್ತವನ್ನು ದೇಹಕ್ಕೆ ತಳ್ಳುತ್ತದೆ. ಈ ರಕ್ತವು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಾಧಿಸಿ ತೋರಿಸಿದನು. ಆದರೆ ಜೀವಂತ ಮನುಷ್ಯನ ದೇಹದೊಳಗೆ ಆ ರಕ್ತವು ಹರಿಯುವುದನ್ನು, ಚರ್ಮವನ್ನು ಕೊಯ್ಯದೆ, ಸೂಜಿಯನ್ನು ಚುಚ್ಚದೆ, ಬಣ್ಣದ ಚಿತ್ರವಾಗಿ ಕಾಣಲು ಮತ್ತೆ ಮೂರೂವರೆ ಶತಮಾನಗಳೇ ಬೇಕಾದವು.

ಇಂದು ‘ಎಕೋ’, ‘ಡಾಪ್ಲರ್’, ‘ಕಲರ್ ಸ್ಕ್ಯಾನ್’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಪರಿಚಿತವಾಗಿವೆ. ವರದಿಯೊಡನೆ ಬಂದ ಕೆಂಪು-ನೀಲಿ ಚಿತ್ರಗಳನ್ನು ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಅವನ್ನು ನೋಡಿ ಧೈರ್ಯ ತಾಳುವವರೂ ಉಂಟು, ವೃಥಾ ಭಯಪಡುವವರೂ ಉಂಟು. ಆ ಚಿತ್ರವು ಹೇಗೆ ಮೂಡುತ್ತದೆ, ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಒಳ್ಳೆಯದು.

ಪ್ರತಿಧ್ವನಿಯಿಂದ ಚಿತ್ರ

ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳು ಮಾತ್ರ ಕೇಳಿಸುತ್ತವೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ವೈದ್ಯರು ಸಾಮಾನ್ಯವಾಗಿ ಬಳಸುವುದು ಸೆಕೆಂಡಿಗೆ 20 ಲಕ್ಷದಿಂದ ಒಂದೂವರೆ ಕೋಟಿಯವರೆಗೆ ಕಂಪಿಸುವ ಧ್ವನಿಯನ್ನು. ಎದೆಯ ಮೇಲೆ ಅಥವಾ ಹೊಟ್ಟೆಯ ಮೇಲೆ ಇರಿಸುವ ‘ಪ್ರೋಬ್’ ಎಂಬ ಉಪಕರಣವು ಈ ಧ್ವನಿಯ ಸಣ್ಣ ಸಣ್ಣ ತುಣುಕುಗಳನ್ನು ಒಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಗಾಗಿ ಕಾಯುತ್ತದೆ. ದೇಹದ ಮೃದು ಅಂಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಪ್ರತಿಧ್ವನಿಯು ಎಷ್ಟು ಹೊತ್ತಿಗೆ ಬಂದಿತೆಂಬುದರಿಂದ ಆ ಭಾಗವು ಎಷ್ಟು ಆಳದಲ್ಲಿದೆಯೆಂಬುದು ತಿಳಿಯುತ್ತದೆ. ಬಾವಲಿಯು ಕತ್ತಲಲ್ಲಿ ದಾರಿ ಕಾಣುವುದೂ ಇದೇ ಬಗೆಯಿಂದ.

ಸ್ವೀಡನ್ ದೇಶದ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಅವರು 1953ರಲ್ಲಿ ಹೃದಯದ ಚಲನೆಯನ್ನು ಈ ಕ್ರಮದಿಂದ ಮೊದಲ ಬಾರಿಗೆ ದಾಖಲಿಸಿದರು. ಅದಕ್ಕೆ ಅವರು ಎರವಲು ತಂದದ್ದು ಹಡಗುಕಟ್ಟೆಯಲ್ಲಿ ಲೋಹದ ಬಿರುಕನ್ನು ಪತ್ತೆಮಾಡಲು ಇಟ್ಟುಕೊಂಡಿದ್ದ ಯಂತ್ರವನ್ನು! ಮುಂದೆ 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಹೊಟ್ಟೆಯೊಳಗಿನ ಗಡ್ಡೆಗಳ ಹಾಗೂ ಗರ್ಭದ ಚಿತ್ರಗಳನ್ನು ಪ್ರಕಟಿಸಿದರು. ಆದರೆ ಇವುಗಳಲ್ಲಿ ಕಾಣುತ್ತಿದ್ದುದು ಗೋಡೆಗಳು ಮತ್ತು ಕವಾಟಗಳು ಮಾತ್ರ. ಅವುಗಳ ನಡುವೆ ಹರಿಯುವ ರಕ್ತವು ಕಾಣುತ್ತಿರಲಿಲ್ಲ. ಕೆಂಪು ರಕ್ತಕಣದ ಅಗಲವು ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಅಷ್ಟು ಸಣ್ಣ ಕಣಗಳಿಂದ ಹೊರಡುವ ಪ್ರತಿಧ್ವನಿ ಬಹಳ ಕ್ಷೀಣವಾದುದು.

ಡಾಪ್ಲರ್ ಕಂಡ ತತ್ತ್ವ

ರೈಲುಬಂಡಿಯು ಸಿಳ್ಳು ಹಾಕುತ್ತ ನಮ್ಮತ್ತ ಬರುವಾಗ ಆ ಸ್ವರ ಏರಿದಂತೆಯೂ, ನಮ್ಮನ್ನು ದಾಟಿ ಹೋದಾಗ ಇಳಿದಂತೆಯೂ ಕೇಳಿಸುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಈ ತತ್ತ್ವವನ್ನು ಮಂಡಿಸಿದಾಗ ಅವರ ಮನಸ್ಸಿನಲ್ಲಿದ್ದುದು ಜೋಡಿ ನಕ್ಷತ್ರಗಳ ಬೆಳಕಿನ ಬಣ್ಣ. 1845ರಲ್ಲಿ ಹಾಲೆಂಡಿನ ಬೈಸ್ ಬಾಲಟ್ ಎಂಬ ವಿಜ್ಞಾನಿಯು ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ ಇದನ್ನು ಧ್ವನಿಯಲ್ಲಿ ಪರೀಕ್ಷಿಸಿದರು. ಇದನ್ನೇ ಶ್ರವಣಾತೀತ ಧ್ವನಿಗೆ ಅನ್ವಯಿಸಿ ಹೃದಯದ ಚಲನೆಯನ್ನು ಅಳೆಯುವ ಕಾರ್ಯವನ್ನು 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಶಿಗೆಯೊ ಸತೊಮುರ ಕೈಗೊಂಡರು.

ರಕ್ತವು ಪ್ರೋಬಿನತ್ತ ಹರಿದು ಬಂದರೆ ಪ್ರತಿಧ್ವನಿಯ ಕಂಪನಗಳು ಹೆಚ್ಚುತ್ತವೆ. ದೂರ ಸರಿದರೆ ಕಡಿಮೆಯಾಗುತ್ತವೆ. ಸೆಕೆಂಡಿಗೆ 30 ಲಕ್ಷ ಕಂಪನದ ಧ್ವನಿಯು ಸೆಕೆಂಡಿಗೆ ಅರ್ಧ ಮೀಟರ್ ವೇಗದಿಂದ ಎದುರು ಬರುವ ರಕ್ತಕ್ಕೆ ತಗುಲಿ ಮರಳಿದಾಗ ಆಗುವ ವ್ಯತ್ಯಾಸ ಸುಮಾರು 2,000 ಕಂಪನಗಳು. ಇದು ನಮ್ಮ ಕಿವಿಗೆ ಕೇಳಿಸುವ ಸ್ವರ. ಡಾಪ್ಲರ್ ಪರೀಕ್ಷೆಯ ಕೊಠಡಿಯಲ್ಲಿ ‘ಸುಯ್ ಸುಯ್’ ಎಂದು ಕೇಳಿಬರುವ ಸದ್ದು ಈ ವ್ಯತ್ಯಾಸದ ಸ್ವರವೇ ಹೊರತು ರಕ್ತವು ಹರಿಯುವ ಸದ್ದಲ್ಲ.

ಕೆಂಪು-ನೀಲಿಗಳ ಅರ್ಥ

1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ನಮೆಕಾವಾ, ಕಸಾಯಿ, ಒಮೊಟೊ ಮೊದಲಾದವರು ಈ ವೇಗಗಳಿಗೆ ಬಣ್ಣವನ್ನು ಕೊಟ್ಟು ಪರದೆಯ ಮೇಲೆ ತೋರಿಸುವ ವಿಧಾನವನ್ನು ಬಳಕೆಗೆ ತಂದರು. ಇಲ್ಲಿ ಓದುಗರು ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಅಶುದ್ಧ ರಕ್ತ ಎಂದು ಭಾವಿಸುವುದು ಸರಿಯಲ್ಲ. ರೂಢಿಯಂತೆ, ಪ್ರೋಬಿನತ್ತ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ. ಪ್ರೋಬನ್ನು ಓರೆಮಾಡಿದರೆ ಅದೇ ರಕ್ತನಾಳ ಕೆಂಪಿನಿಂದ ನೀಲಿಗೆ ತಿರುಗಬಹುದು. ಧ್ವನಿಯು ಹರಿವಿಗೆ ನೇರ ಅಡ್ಡಲಾಗಿ ತಗುಲಿದರೆ, ರಕ್ತವು ಹರಿಯುತ್ತಿದ್ದರೂ ಬಣ್ಣವೇ ಕಾಣದಿರಬಹುದು.

ಚಲನಚಿತ್ರದಲ್ಲಿ ವೇಗವಾಗಿ ಓಡುವ ಬಂಡಿಯ ಚಕ್ರವು ಹಿಮ್ಮುಖವಾಗಿ ತಿರುಗಿದಂತೆ ತೋರುವುದುಂಟು. ಹಾಗೆಯೇ ರಕ್ತದ ವೇಗವು ಯಂತ್ರದ ಅಳತೆಯ ಮಿತಿಯನ್ನು ಮೀರಿದಾಗ ಕೆಂಪು ಹಠಾತ್ತನೆ ನೀಲಿಯಾಗುತ್ತದೆ. ಕವಾಟವು ಸೋರುವಲ್ಲಿ ಅಥವಾ ಕಿರಿದಾದಲ್ಲಿ ರಕ್ತವು ಚಿಮ್ಮಿ, ಬಣ್ಣಗಳು ಕಲಸಿಹೋದ ಚಿತ್ತಾರವಾಗಿ ಕಾಣುವುದು ಈ ಕಾರಣದಿಂದ. ಅನುಭವಿ ವೈದ್ಯರಿಗೆ ಆ ಚಿತ್ತಾರವೇ ರೋಗದ ಸುಳಿವು.

ಮೂರನೆಯ ಆಯಾಮ

ಸಾಧಾರಣ ಸ್ಕ್ಯಾನಿನಲ್ಲಿ ಕಾಣುವುದು ಸೌತೆಕಾಯಿಯ ಒಂದು ಬಿಲ್ಲೆಯಿದ್ದಂತೆ. ಇಡೀ ಕಾಯಿಯ ಆಕಾರವನ್ನು ವೈದ್ಯರು ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳಬೇಕು. ಇಡೀ ಗಾತ್ರವನ್ನೇ ಮೂರು ಆಯಾಮಗಳಲ್ಲಿ ತೋರಿಸುವ ಪ್ರಯತ್ನಗಳು 1980ರ ದಶಕದಲ್ಲಿ ಆರಂಭವಾದವು. ಟೋಕಿಯೊದಲ್ಲಿ ಕಜುನೊರಿ ಬಾಬಾ ಗರ್ಭಸ್ಥ ಶಿಶುವಿನ ಇಂತಹ ಚಿತ್ರವನ್ನು ರಚಿಸಿದರು. ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓಲಾಫ್ ಫಾನ್ ರಾಮ್ ಮತ್ತು ಸಂಗಡಿಗರು ಮಿಡಿಯುವ ಹೃದಯದ ಗಾತ್ರವನ್ನು ಆ ಕ್ಷಣವೇ ತೋರಿಸುವ ಯಂತ್ರವನ್ನು ರೂಪಿಸಿದರು. ಸಾವಿರಾರು ಸೂಕ್ಷ್ಮ ಸ್ಫಟಿಕಗಳನ್ನು ಚೌಕುಳಿಯಂತೆ ಜೋಡಿಸಿದ ಪ್ರೋಬುಗಳು 2002ರ ಸುಮಾರಿಗೆ ಆಸ್ಪತ್ರೆಗಳಿಗೆ ಬಂದವು.

ಆದರೆ ರಕ್ತದ ಹರಿವನ್ನು ಹೀಗೆ ತೋರಿಸುವುದಕ್ಕೆ ಧ್ವನಿಯ ವೇಗವೇ ಅಡ್ಡಿ. ಹದಿನೈದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು ಧ್ವನಿಗೆ ಸೆಕೆಂಡಿನ ಸುಮಾರು ಐದು ಸಾವಿರದಲ್ಲಿ ಒಂದು ಪಾಲು ಬೇಕು. ಅಂದರೆ ಸೆಕೆಂಡಿಗೆ ಸುಮಾರು 5,000 ತುಣುಕುಗಳನ್ನಷ್ಟೇ ಕಳುಹಿಸಬಹುದು. ಚಲನೆಯನ್ನು ಅರಿಯಲು ಒಂದೇ ಗೆರೆಯಲ್ಲಿ ಹತ್ತು ಸಲ ಕಳುಹಿಸುವುದಾದರೆ, ಸೆಕೆಂಡಿಗೆ ದೊರೆಯುವುದು 500 ಗೆರೆಗಳು. ಅರುವತ್ತು ಗೆರೆಗಳ ಒಂದು ಬಿಲ್ಲೆಗೆ ಇದು ಧಾರಾಳವಾಯಿತು. ಅಡ್ಡಕ್ಕೆ ಅರುವತ್ತು, ಉದ್ದಕ್ಕೆ ಅರುವತ್ತು ಎಂದು 3,600 ಗೆರೆಗಳ ಗಾತ್ರವನ್ನು ತುಂಬಲು ಏಳು ಸೆಕೆಂಡುಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಹೃದಯವು ಎಂಟು ಸಲ ಮಿಡಿದಿರುತ್ತದೆ!

ಇದಕ್ಕೆ ವಿಜ್ಞಾನಿಗಳು ಹಲವು ಉಪಾಯಗಳನ್ನು ಕಂಡುಕೊಂಡರು. ಅಗಲವಾದ ಒಂದು ತುಣುಕನ್ನು ಕಳುಹಿಸಿ ಅನೇಕ ಗೆರೆಗಳ ಪ್ರತಿಧ್ವನಿಯನ್ನು ಒಮ್ಮೆಗೇ ಸ್ವೀಕರಿಸುವುದು ಒಂದು. ಒಂದೊಂದು ಮಿಡಿತದಲ್ಲಿ ಒಂದೊಂದು ಭಾಗವನ್ನು ಹಿಡಿದು, ಇ.ಸಿ.ಜಿ.ಯ ಸಹಾಯದಿಂದ ಅವನ್ನು ಕೂಡಿಸುವುದು ಮತ್ತೊಂದು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸುವಂತಹ ಕೆಲಸವಿದು. ರೋಗಿಯು ಉಸಿರಾಡಿ ಎದೆ ಅಲುಗಿದರೆ ಅಥವಾ ಮಿಡಿತದ ಲಯ ತಪ್ಪಿದರೆ ಜೋಡಣೆ ಹೊಂದದೆ ಚಿತ್ರವು ಮುರಿದಂತೆ ಕಾಣುತ್ತದೆ. “ಉಸಿರು ಬಿಗಿ ಹಿಡಿಯಿರಿ” ಎಂದು ವೈದ್ಯರು ಹೇಳುವುದು ಇದಕ್ಕಾಗಿ.

ಹೀಗೆ ದೊರೆತ ಗಾತ್ರವನ್ನು ಕಂಪ್ಯೂಟರು ಪರದೆಗೆ ಇಳಿಸಬೇಕು. ಹೊರಗಿನ ಮಾಂಸಖಂಡವು ಮುಂದೆ ನಿಂತರೆ ಒಳಗಿನ ಹರಿವು ಮರೆಯಾಗುತ್ತದೆ. ಆದುದರಿಂದ ಖಂಡವನ್ನು ಗಾಜಿನಂತೆ ಅರೆಪಾರದರ್ಶಕವಾಗಿ ಚಿತ್ರಿಸಿ, ರಕ್ತಕ್ಕೆ ಮಾತ್ರ ಗಾಢ ಬಣ್ಣವನ್ನು ಕೊಡುತ್ತಾರೆ. ಬೇಡವಾದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಹೊಕ್ಕುಳಬಳ್ಳಿಯ ಸುರುಳಿಗಳು, ಮೂತ್ರಪಿಂಡದ ನಾಳಗಳ ಕವಲುಗಳು ಆಗ ಬೇರು ಬಿಟ್ಟ ಮರದಂತೆ ಗೋಚರಿಸುತ್ತವೆ.

ರೋಗಿಗೆ ಆಗುವ ಪ್ರಯೋಜನ

ಮಕ್ಕಳ ಗಂಟಲುಬೇನೆಯನ್ನು ಅಲಕ್ಷಿಸಿದರೆ ಕೆಲವರಲ್ಲಿ ಅದು ಸಂಧಿವಾತ ಜ್ವರವಾಗಿ ಪರಿಣಮಿಸಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟವು ಸೋರತೊಡಗಿದಾಗ, ಎಷ್ಟು ಸೋರುತ್ತಿದೆಯೆಂಬುದರ ಮೇಲೆ ಶಸ್ತ್ರಚಿಕಿತ್ಸೆಯ ನಿರ್ಧಾರವು ನಿಂತಿರುತ್ತದೆ. ಬಿಲ್ಲೆಯ ಚಿತ್ರದಿಂದ ಲೆಕ್ಕ ಹಾಕುವಾಗ ಸೋರುವ ರಂಧ್ರವು ದುಂಡಗಿದೆಯೆಂದು ಊಹಿಸುತ್ತಾರೆ. ವಾಸ್ತವದಲ್ಲಿ ಅದು ಅನೇಕ ವೇಳೆ ಸೀಳಿನಂತೆಯೋ ಬಿದಿಗೆಯ ಚಂದ್ರನಂತೆಯೋ ಇರುತ್ತದೆ. ಕೆರೆಯ ಏರಿಯಲ್ಲಿನ ಬಿರುಕನ್ನು ಒಂದು ಪಕ್ಕದಿಂದ ನೋಡಿದರೆ ಕೂದಲೆಳೆಯಂತೆ, ಎದುರಿನಿಂದ ನೋಡಿದರೆ ಮಾರುದ್ದ ತೋರುವುದಿಲ್ಲವೆ? ಮೂರು ಆಯಾಮದ ಬಣ್ಣದ ಚಿತ್ರದಲ್ಲಿ ಆ ರಂಧ್ರವನ್ನು ಎದುರಿನಿಂದಲೇ ಕಂಡು ಅದರ ವಿಸ್ತೀರ್ಣವನ್ನು ಅಳೆಯಬಹುದು. ಹೃದಯದ ಗೋಡೆಯಲ್ಲಿನ ರಂಧ್ರವನ್ನು ಮುಚ್ಚುವಾಗಲೂ ಅದರ ಆಕಾರವನ್ನು ಮೊದಲೇ ತಿಳಿಯಲು ಇದು ನೆರವಾಗುತ್ತದೆ.

ಗರ್ಭಸ್ಥ ಶಿಶುವಿನ ಹೃದಯವು ನಿಮಿಷಕ್ಕೆ 110ರಿಂದ 160 ಬಾರಿ ಮಿಡಿಯುತ್ತದೆ. ಅದಕ್ಕೆ ಇ.ಸಿ.ಜಿ. ತಂತಿಯನ್ನು ಜೋಡಿಸುವಂತಿಲ್ಲ. ಪ್ರೋಬಿನ ದೃಷ್ಟಿಯು ನಿಧಾನವಾಗಿ ಹಾಯುತ್ತಿರುವಾಗ ಚಿತ್ರದೊಳಗಿನ ಚಲನೆಯಿಂದಲೇ ಮಿಡಿತದ ಲಯವನ್ನು ಕಂಡುಹಿಡಿದು, ಹತ್ತಾರು ಮಿಡಿತಗಳನ್ನು ಒಂದೇ ಮಿಡಿತವಾಗಿ ಕೂಡಿಸುವ ವಿಧಾನವು 2000ದ ನಂತರ ಬಳಕೆಗೆ ಬಂದಿತು. ಮಹಾನಾಳಗಳು ಅದಲುಬದಲಾಗಿರುವಂತಹ ಜನ್ಮದೋಷವನ್ನು ಹೆರಿಗೆಗೆ ಮುನ್ನವೇ ತಿಳಿದರೆ, ಮಗುವು ಹುಟ್ಟುವ ಸ್ಥಳವನ್ನೂ ಚಿಕಿತ್ಸೆಯನ್ನೂ ಮೊದಲೇ ಏರ್ಪಡಿಸಬಹುದು. ಬೆಳವಣಿಗೆ ಕುಂಠಿತವಾದ ಶಿಶುವಿನ ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ಮಿಡಿತಗಳ ನಡುವೆ ಹರಿವು ನಿಂತಿದೆಯೇ, ಹಿಮ್ಮುಖವಾಗಿದೆಯೇ ಎಂಬುದನ್ನು ಸಾಧಾರಣ ಡಾಪ್ಲರೇ ತಿಳಿಸುತ್ತದೆ; ಹೆರಿಗೆಯನ್ನು ಯಾವಾಗ ಮಾಡಿಸಬೇಕೆಂಬುದಕ್ಕೆ ಅದು ಮುಖ್ಯವಾದ ಸೂಚನೆ.

ನಾವು ಅರಿತಿರಬೇಕಾದುದು

ಈ ಚಿತ್ರಗಳು ಛಾಯಾಚಿತ್ರಗಳಲ್ಲ. ಪ್ರತಿಧ್ವನಿಗಳಿಂದ ಲೆಕ್ಕ ಹಾಕಿ ರಚಿಸಿದವು. ಬಣ್ಣವನ್ನು ಹೆಚ್ಚಿಸಿದರೆ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಂಡೀತು, ತಗ್ಗಿಸಿದರೆ ದೊಡ್ಡದೂ ಅಡಗೀತು. ಆದುದರಿಂದ ಚಿತ್ರವನ್ನು ನಾವೇ ನೋಡಿ ತೀರ್ಮಾನಿಸುವುದು ಸಲ್ಲದು. ವೈದ್ಯರಿಂದ ಅರ್ಥವನ್ನು ಕೇಳಿ ತಿಳಿಯಬೇಕು. ಮುಂದಿನ ಪರೀಕ್ಷೆಗೆ ಹೋಲಿಸಿ ನೋಡಲು ಹಳೆಯ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಶ್ರವಣಾತೀತ ಧ್ವನಿಯಲ್ಲಿ ಕ್ಷ-ಕಿರಣದ ವಿಕಿರಣವಿಲ್ಲ. ಆದರೂ ಡಾಪ್ಲರ್ ಪರೀಕ್ಷೆಯಲ್ಲಿ ಶಕ್ತಿಯ ಬಳಕೆ ಹೆಚ್ಚಾದುದರಿಂದ, ಎಳೆಯ ಗರ್ಭಕ್ಕೆ ಅಗತ್ಯವಿಲ್ಲದೆ ಅದನ್ನು ಮಾಡಿಸಬಾರದು. ಮಗುವಿನ ಮುಖ ನೋಡುವ ಆಸೆಯೊಂದೇ ಅದಕ್ಕೆ ಸಾಕಾದ ಕಾರಣವಲ್ಲ.

ಮತ್ತೊಂದು ಮಾತನ್ನು ಹಿರಿಯರು ಮುಖ್ಯವಾಗಿ ಗಮನಿಸಬೇಕು. ಇದೇ ಯಂತ್ರವನ್ನು ಗಂಡೋ ಹೆಣ್ಣೋ ಎಂದು ಅರಿಯಲು ಬಳಸಿ, ಹೆಣ್ಣು ಭ್ರೂಣವನ್ನು ನಾಶಮಾಡುವ ಪಾಪವು ನಮ್ಮ ದೇಶದಲ್ಲಿ ನಡೆದಿದೆ. 1994ರಲ್ಲಿ ರಚಿತವಾಗಿ 1996ರಲ್ಲಿ ಜಾರಿಗೆ ಬಂದು, 2003ರಲ್ಲಿ ಮತ್ತಷ್ಟು ಬಿಗಿಗೊಂಡ ಕಾಯಿದೆಯು ಭ್ರೂಣದ ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ. ಹೇಳಿದ ವೈದ್ಯರಿಗೆ ಮಾತ್ರವಲ್ಲ, ಅದಕ್ಕಾಗಿ ಒತ್ತಾಯಿಸಿದ ಬಂಧುಗಳಿಗೂ ಸೆರೆವಾಸವುಂಟು. ಸ್ಕ್ಯಾನಿಂಗ್ ಮುಗಿಸಿ ಹೊರಬಂದ ಸೊಸೆಯನ್ನು ಅತ್ತೆ-ಮಾವಂದಿರು ಕೇಳಬೇಕಾದ ಪ್ರಶ್ನೆಗಳು ಎರಡೇ: ಮಗುವಿನ ಹೃದಯ ಚೆನ್ನಾಗಿ ಮಿಡಿಯುತ್ತಿದೆಯೇ? ಬಳ್ಳಿಯಲ್ಲಿ ರಕ್ತವು ಸರಿಯಾಗಿ ಹರಿಯುತ್ತಿದೆಯೇ?