ಮೂರಕ್ಷರಕ್ಕೆ ಐದು ಗೆರೆ

ಪ್ರಶ್ನೆ: ಪೈಥಾನ್‌ನಲ್ಲಿ ಪದ ಊಹಿಸುವ ಆಟ ಬರೆದೆ. ‘ಕನ್ನಡ’ ಪದಕ್ಕೆ ಮೂರರ ಬದಲು ಐದು ಖಾಲಿ ಗೆರೆ ಬರುವುದೇಕೆ?

ನಾವು ಮನೆಗಳನ್ನು ಎಣಿಸುತ್ತೇವೆ, ಪೈಥಾನ್ ಮನೆಯೊಳಗಿನ ತಲೆಗಳನ್ನು ಎಣಿಸುತ್ತದೆ. ಯೂನಿಕೋಡ್‌ನಲ್ಲಿ ‘ನ್ನ’ ಎಂಬ ಮನೆಯಲ್ಲಿರುವವರು ಮೂವರು: ನ, ಹಲಂತದ ಗುರುತು, ಮತ್ತೊಂದು ನ. ಅಕ್ಕಪಕ್ಕದ ಕ ಮತ್ತು ಡ ಸೇರಿ ಒಟ್ಟು 5. ಇಂಗ್ಲಿಷ್ ಪದಗಳಲ್ಲಿ ಈ ತೊಡಕಿಲ್ಲ, ಅಲ್ಲಿ ಮನೆಗೊಬ್ಬರೇ.

ಹಾಗಾಗಿ ಗೆರೆ ಎಳೆಯುವ ಮೊದಲು ಅಕ್ಷರಗಳನ್ನು ಗುಂಪು ಮಾಡಬೇಕು.

ಪದವನ್ನು ಎಡದಿಂದ ಒಂದೊಂದಾಗಿ ಓದುತ್ತಾ ಹೋಗಿ. ಬಂದದ್ದು ಕಾಗುಣಿತದ ಗುರುತು, ಅನುಸ್ವಾರ, ವಿಸರ್ಗ ಅಥವಾ ಹಲಂತವಾದರೆ ಹಿಂದಿನ ಗುಂಪಿಗೆ ಅಂಟಿಸಿ. ಹಿಂದಿನ ಗುಂಪು ಹಲಂತದಲ್ಲಿ ಮುಗಿದಿದ್ದರೂ ಅಂಟಿಸಿ; ಒತ್ತಕ್ಷರ ಕೂಡಿಕೊಳ್ಳುವುದು ಅಲ್ಲೇ. ಉಳಿದಂತೆ ಹೊಸ ಗುಂಪು. ಊಹೆಯನ್ನೂ ಗುಂಪಿನೊಂದಿಗೇ ಹೋಲಿಸಿ.

ಪರೀಕ್ಷೆಗೆ ‘ಸ್ತ್ರೀ’ ಕೊಟ್ಟು ನೋಡಿ. ಮೊದಲಿನ 6 ಗೆರೆಗಳ ಜಾಗದಲ್ಲಿ ಒಂದೇ ಬರಬೇಕು.