ದಾಸವಾಳದ ಕೆಂಪಿಗೆ ಎಷ್ಟು ಆಯುಸ್ಸು?

ಒಂದು ಚೂರು ಹತ್ತಿ ತೆಗೆದುಕೊಳ್ಳಿ. ಕಡ್ಡಿ ಗೀರಿ. ಉರಿಯನ್ನು ಮೆಲ್ಲಗೆ ತಾಗಿಸಿ. ಅಂಚು ಮೊದಲು ಕಂದು, ಆಮೇಲೆ ಕಪ್ಪು, ಭಗ್ಗೆಂದು ಒಂದು ಜ್ವಾಲೆ. ಬೆರಳ ತುದಿಗೆ ಬಿಸಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿಯಿತು!

ಈಗ ಹೇಳಿ. ಹತ್ತಿಯನ್ನು ಸುಟ್ಟದ್ದು ಯಾರು?

ಬೆಂಕಿ ಅಂದಿರಾ? ಅಲ್ಲ!

ಹಾಗೆಂದವರು ಇಮಾಮ್ ಗಝಾಲಿ. ಅವರ ‘ತಹಾಫುತುಲ್ ಫಲಾಸಿಫಾ’ 1095ರ ಪುಸ್ತಕ. ತತ್ತ್ವಜ್ಞಾನಿಗಳು ಎಲ್ಲೆಲ್ಲಿ ಎಡವಿದರು ಎಂದು ತೋರಿಸುವ 20 ಚರ್ಚೆಗಳು ಅದರಲ್ಲಿವೆ. 17ನೆಯದನ್ನು ತೆರೆಯಿರಿ. ಅಲ್ಲೇ ಇದೆ, ನಿಮ್ಮ ಕೈಯಲ್ಲಿದ್ದ ಅದೇ ಹತ್ತಿ, ಅದೇ ಬೆಂಕಿ!

ಅವರ ಮಾತಿನ ಮರ್ಮ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ‘ಬೆಂಕಿ ತಾಗಿದಾಗ ಹತ್ತಿ ಉರಿಯಿತು.’ ಇದನ್ನು ನೀವು ಕಣ್ಣಾರೆ ಕಂಡಿರಿ. ‘ಬೆಂಕಿ ತಾಗಿದ್ದರಿಂದ ಹತ್ತಿ ಉರಿಯಿತು.’ ಇದನ್ನು ಕಂಡಿರಾ? ನೆನಪಿಸಿಕೊಳ್ಳಿ. ಇಲ್ಲ! ‘ತಾಗಿದಾಗ’ ಕಣ್ಣಿಗೆ ಬಿದ್ದದ್ದು. ‘ತಾಗಿದ್ದರಿಂದ’ ಮನಸ್ಸು ಸೇರಿಸಿದ್ದು.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದೇ ಬಿರುಕಿಗೆ ಬೆರಳಿಟ್ಟಾಗ 1739. ನಡುವೆ 644 ವರ್ಷ!

ಹಾಗಾದರೆ ಸುಟ್ಟದ್ದು ಯಾರು? ಅಲ್ಲಾಹ, ಎನ್ನುತ್ತಾರೆ ಗಝಾಲಿ. ಎಂದೋ ಒಮ್ಮೆ ಜಗತ್ತನ್ನು ಕಟ್ಟಿ, ಕೀಲಿ ಕೊಟ್ಟು, ಪಕ್ಕಕ್ಕೆ ಸರಿದು ಕೂತವನಲ್ಲ ಅವನು. ಈಗ, ಈ ಕ್ಷಣ, ಈ ಹತ್ತಿಯಲ್ಲಿ ಈ ಉರಿಯನ್ನು ಉಂಟುಮಾಡುತ್ತಿರುವವನು!

ಇಷ್ಟಕ್ಕೇ ಬೆರಗಾದಿರಾ? ತಾಳಿ. ಇನ್ನೊಂದು ಪ್ರಶ್ನೆ ಇದೆ.

ಹಿತ್ತಲಲ್ಲಿ ಬೆಳಗ್ಗೆ ಅರಳಿದ ದಾಸವಾಳ. ಅದರ ಕೆಂಪು ಎಷ್ಟು ಹೊತ್ತು ಬಾಳುತ್ತದೆ? ಸಂಜೆಯವರೆಗೆ? ಮಧ್ಯಾಹ್ನದ ಬಿಸಿಲಿನವರೆಗೆ? ಊಹಿಸಿ!

ಒಂದು ಕ್ಷಣ. ಎರಡನೆಯ ಕ್ಷಣಕ್ಕೆ ಅದಿಲ್ಲ!

ಇದು ಅಶ್‌ಅರಿ ಪಂಥದವರ ಉತ್ತರ. ಬಸ್ರಾದಲ್ಲಿ ಹುಟ್ಟಿದ ಅಬುಲ್ ಹಸನ್ ಅಲ್ ಅಶ್‌ಅರಿಯಿಂದ, ಹತ್ತನೆಯ ಶತಮಾನದಲ್ಲಿ ಬೆಳೆದ ಪಂಥ. ಅವರ ಲೆಕ್ಕದಲ್ಲಿ ಲೋಕವೆಲ್ಲ ಒಡೆಯಲಾಗದ ಕಣಗಳು. ಕಣಗಳ ಮೇಲೆ ಬಣ್ಣ, ವಾಸನೆ, ಬಿಸಿ, ಚಲನೆ, ಜೀವ. ಈ ಗುಣಗಳಿಗೆ ‘ಅರದ್’ ಎಂದು ಹೆಸರು. ಯಾವ ಅರದ್‌ಗೂ ಎರಡು ಕ್ಷಣದ ಆಯುಸ್ಸಿಲ್ಲ. ಬಂತು, ಹೋಯಿತು. ಅಲ್ಲಾಹ ಮತ್ತೊಂದನ್ನು ಸೃಷ್ಟಿಸಿದ. ಅದೂ ಹೋಯಿತು. ಮತ್ತೊಂದು! ನೀವು ದಿನವಿಡೀ ನೋಡಿದ್ದು ಒಂದೇ ಕೆಂಪಲ್ಲ. ಎಣಿಕೆಗೆ ಸಿಗದಷ್ಟು ಕೆಂಪುಗಳು, ಒಂದರ ಬೆನ್ನಿಗೆ ಒಂದು!

ಈ ವಾದವನ್ನು ತುಂಬ ಸೊಗಸಾಗಿ ಬಿಡಿಸಿಟ್ಟವರಲ್ಲಿ ಒಬ್ಬರು ಅದನ್ನು ಒಪ್ಪದವರು! ಕಾರ್ಡೊಬಾದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ಯಹೂದಿ ವೈದ್ಯ, ದಾರ್ಶನಿಕ ಮೂಸಾ ಬಿನ್ ಮೈಮೂನ್. ಅವರು ಕೊಡುವ ಉದಾಹರಣೆ: ಒಬ್ಬ ಲೇಖನಿ ಹಿಡಿದು ಬರೆಯುತ್ತಿದ್ದಾನೆ.

ನೀವೂ ಒಂದು ಪೆನ್ನು ಹಿಡಿಯಿರಿ. ‘ಅ’ ಬರೆಯಿರಿ. ಎಷ್ಟು ಸೃಷ್ಟಿಗಳಾದವು? ಒಂದು? ನಾಲ್ಕು! ಬರೆಯಬೇಕೆಂಬ ಇಚ್ಛೆ ಒಂದು. ಬರೆಯುವ ಶಕ್ತಿ ಒಂದು. ಕೈಯ ಚಲನೆ ಒಂದು. ಪೆನ್ನಿನ ಚಲನೆ ಇನ್ನೊಂದು. ನಾಲ್ಕನ್ನೂ ಅಲ್ಲಾಹನೇ ಬೇರೆಬೇರೆಯಾಗಿ ಸೃಷ್ಟಿಸುತ್ತಾನೆ. ಕೈ ಪೆನ್ನನ್ನು ತಳ್ಳುತ್ತಿಲ್ಲ! ‘ಅ’ದ ಬಾಲ ತಿರುಗುವ ಆ ಪುಟ್ಟ ಕೊಂಕಿನಲ್ಲಿ ಈ ನಾಲ್ಕೂ ಮತ್ತೆ ಮತ್ತೆ, ಮತ್ತೆ ಮತ್ತೆ!

ಅಷ್ಟೇ ಅಲ್ಲ. ನಿನ್ನೆ ನಿಮಗೆ ಗೊತ್ತಿದ್ದ ಸಂಗತಿ ಇಂದೂ ಗೊತ್ತಿದೆ ತಾನೆ? ಅದು ನಿನ್ನೆಯ ಅರಿವೇ ಅಲ್ಲವಂತೆ. ಅದೇ ಥರದ ಹೊಸ ಅರಿವು! ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಹಾಗಿದ್ದರೆ ನಾಳೆ ಬೆಂಕಿ ತಣ್ಣಗಿರಬಹುದಲ್ಲ? ಮನೆಯಲ್ಲಿಟ್ಟು ಬಂದ ಪುಸ್ತಕ ಪ್ರಾಣಿಯಾಗಿ ಓಡಾಡುತ್ತಿರಬಹುದಲ್ಲ? ಈ ಪ್ರಶ್ನೆಯನ್ನು ಗಝಾಲಿಯೇ ಎತ್ತಿಕೊಂಡರು! ಆಗಬಹುದು, ಆದರೆ ಆಗುವುದಿಲ್ಲ ಎಂಬ ಅರಿವನ್ನೂ ಅಲ್ಲಾಹ ನಮ್ಮಲ್ಲಿ ಇಟ್ಟಿದ್ದಾನೆ ಎಂದರು. ಜಗತ್ತು ಒಂದೇ ಹದದಲ್ಲಿ ನಡೆಯುವುದು ಅವನು ಇಟ್ಟುಕೊಂಡ ರೂಢಿ. ಅರಬ್ಬಿಯಲ್ಲಿ ‘ಆದಾ’. ನಮ್ಮ ದಖನಿ ಮಾತಾಡುವ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ‘ಆದತ್’ ಅದೇ ಪದ! ಪ್ರವಾದಿ ಇಬ್ರಾಹೀಮರನ್ನು ಬೆಂಕಿಗೆ ಎಸೆದಾಗ ಆ ರೂಢಿ ಒಮ್ಮೆ ತಪ್ಪಿತು. ಬೆಂಕಿ ತಂಪಾಯಿತು!

ಎಲ್ಲರೂ ಒಪ್ಪಿದರೆಂದಲ್ಲ. ದಾರ್ಶನಿಕ ಇಬ್ನ್ ರುಶ್ದ್ ಒಂದು ಇಡೀ ಪುಸ್ತಕ ಬರೆದು ಗಝಾಲಿಯನ್ನು ಎದುರಿಸಿದರು. ಆದರೆ ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿದ ಒಬ್ಬರಿಗೆ ಅಶ್‌ಅರಿಗಳು ಹೇಳಿದ್ದು ಸಾಲದೇ ಹೋಯಿತು! ಅವರೇ ಇಬ್ನ್ ಅರಬಿ. ಗುಣಗಳು ಮಾತ್ರ ಏಕೆ? ಇಡೀ ವಿಶ್ವವೇ ಪ್ರತಿ ಉಸಿರಿಗೂ ಹೊಸದು! ಕುರ್‌ಆನಿನ 50ನೆಯ ಅಧ್ಯಾಯದ 15ನೆಯ ವಚನದಲ್ಲಿ ‘ಖಲ್ಕ್ ಜದೀದ್’ ಎಂಬ ಎರಡು ಪದಗಳಿವೆ. ಹೊಸ ಸೃಷ್ಟಿ. ಸತ್ತವರು ಮತ್ತೆ ಎದ್ದು ಬರುವ ಸಂದರ್ಭದ ಮಾತು ಅದು. ಇಬ್ನ್ ಅರಬಿ ಅದರಲ್ಲಿ ಇಂದನ್ನೂ ಕಂಡರು, ಈಗನ್ನೂ ಕಂಡರು. ಒಮ್ಮೆ ತೋರಿದ್ದು ಇನ್ನೊಮ್ಮೆ ತೋರುವುದಿಲ್ಲ ಎಂದರು. ಎಂದೆಂದಿಗೂ! (ನಮ್ಮ ಕಲಬುರಗಿಯ ಖ್ವಾಜಾ ಬಂದೇನವಾಜರು ಇವರ ವಿಚಾರಗಳನ್ನು ಟೀಕಿಸಿದವರು. ಈ ಚರ್ಚೆ ಭೀಮೆಯ ಸೀಮೆಗೂ ಬಂದಿತ್ತು ಎಂಬುದೇ ನನಗೊಂದು ರೋಮಾಂಚನ.)

ಈಗ ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದ ಸಿಂಹಾಸನ!

ಯೆಮನಿನ ಸಬಾ ನಾಡಿನ ರಾಣಿ ಬಿಲ್ಕೀಸ್. ಪ್ರವಾದಿ ಸುಲೈಮಾನರನ್ನು ಕಾಣಲು ಹೊರಟಿದ್ದಾಳೆ. ಸಾವಿರ ಮೈಲಿಗೂ ಮೀರಿದ ದಾರಿ. ಆಕೆ ಬರುವ ಮುಂಚೆ ಆಕೆಯ ಸಿಂಹಾಸನ ಇಲ್ಲಿರಬೇಕು ಎಂದರು ಸುಲೈಮಾನರು. ನೀವು ಕೂತಲ್ಲಿಂದ ಏಳುವುದರೊಳಗೆ ತರುತ್ತೇನೆ ಎಂದಿತು ಒಂದು ಜಿನ್ನ್. ಗ್ರಂಥದ ಜ್ಞಾನವಿದ್ದ ಇನ್ನೊಬ್ಬ ಅದನ್ನೂ ಮೀರಿಸಿದ. ಕಣ್ಣು ಮಿಟುಕಿಸುವುದರೊಳಗೆ! ನೋಡಿದರೆ, ಸಿಂಹಾಸನ ಎದುರಿಗಿದೆ!

ಹೇಗೆ ಬಂತು? ಹಾರಿ? ನೆಲದಡಿ ತೂರಿ? ಊಹಿಸಿ!

ಬರಲೇ ಇಲ್ಲ ಎನ್ನುತ್ತಾರೆ ಇಬ್ನ್ ಅರಬಿ ತಮ್ಮ ‘ಫುಸೂಸುಲ್ ಹಿಕಮ್’ನಲ್ಲಿ. ಒಂದು ಗೇಣೂ ಚಲಿಸಲಿಲ್ಲ! ಎಲ್ಲ ವಸ್ತುಗಳಂತೆ ಅದೂ ಆ ಕ್ಷಣ ಸಬಾದಲ್ಲಿ ಇಲ್ಲವಾಯಿತು. ಎಲ್ಲ ವಸ್ತುಗಳಂತೆ ಅದೇ ಕ್ಷಣ ಹೊಸದಾಗಿ ಸೃಷ್ಟಿಯಾಯಿತು. ಈ ಸಲ ಸಬಾದಲ್ಲಲ್ಲ, ಸುಲೈಮಾನರ ಮುಂದೆ. ಅಷ್ಟೇ!

ಗುರುತು ಸಿಗದಂತೆ ಅದನ್ನು ಸ್ವಲ್ಪ ಮಾರ್ಪಡಿಸಿ ಇಟ್ಟರು. ರಾಣಿ ಬಂದಳು. ನಿನ್ನ ಸಿಂಹಾಸನ ಹೀಗೇ ಇದೆಯೇ ಎಂದು ಕೇಳಿದರು. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದೇ ಇದ್ದಂತಿದೆ ಎಂದಳು. ಆ ‘ಇದ್ದಂತೆ’ಯನ್ನು ಇಬ್ನ್ ಅರಬಿ ಮೆಚ್ಚಿ ಎತ್ತಿ ಹಿಡಿಯುತ್ತಾರೆ. ಅವರ ಪ್ರಕಾರ ರಾಣಿ ಸರಿಯಾಗಿಯೇ ಗುರುತಿಸಿದ್ದಳು!